ವೈರಸ್ ಕೋಶದಿಂದ ಹೊರಬೀಳುವುದು ಹೇಗೆ? ಬಳ್ಳಾರಿಯ ಒಂದು ತರಗತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಡಿಸೆಂಬರ್ 1 ಬಂತೆಂದರೆ ಏಡ್ಸ್ ದಿನದ ಭಾಷಣಕ್ಕೆ ಎಲ್ಲಿಂದಾದರೂ ಕರೆ ಬರುತ್ತದೆ. ಒಂದು ವರ್ಷ ರಾಯಚೂರು, ಇನ್ನೊಂದು ವರ್ಷ ಕೊಪ್ಪಳ. ಎಚ್‌ಐವಿ ಹೇಗೆ ಹರಡುತ್ತದೆ ಅನ್ನುವುದು ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ. ಭಾಷಣ ಮುಗಿದು ಚಹಾ ಕುಡಿಯುವಾಗ ಬರುವ ಪ್ರಶ್ನೆಗಳೇ ಬೇರೆ. ಒಂದು ಕೋಶದೊಳಗೆ ಈ ವೈರಸ್ ಹೇಗೆ ತಯಾರಾಗುತ್ತದೆ? ಹೊರಗೆ ಹೇಗೆ ಬರುತ್ತದೆ? ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ. ವಿಷಯ ಹಾಗಿದೆ, ಏನು ಮಾಡೋಣ.

ರೆಟ್ರೋವೈರಸ್ ಅಂದರೆ ಎಚ್‌ಐವಿ ಒಂದೇನಾ ಮೇಡಂ?

ಅಲ್ಲ. ಅದೊಂದು ದೊಡ್ಡ ಕುಟುಂಬ. ಕೋಳಿ, ಇಲಿ, ಬೆಕ್ಕು, ಕುದುರೆ, ದನ, ಕುರಿ, ಮಂಗ, ಎಲ್ಲದರಲ್ಲೂ ಈ ಕುಟುಂಬದವರಿದ್ದಾರೆ. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯಲ್ಲಿ ಒಂದನ್ನು ತೋರಿಸಿದರು. ಆ ಕೆಲಸಕ್ಕೆ ನೊಬೆಲ್ ಬಂದದ್ದು 1966ರಲ್ಲಿ. ಪಾಪ, 55 ವರ್ಷ ಕಾಯಬೇಕಾಯಿತು.

ಸಾಮಾನ್ಯವಾಗಿ ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವುದು ಕೋಶದ ರೂಢಿ. ಈ ವೈರಸ್ ಉಲ್ಟಾ. ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯುತ್ತದೆ. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಸತೋಶಿ ಮಿಜುತಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ ಇದನ್ನು ಕಂಡುಹಿಡಿದರು. ಆ ಡಿಎನ್‌ಎ ನಮ್ಮ ಕೋಶದ ಡಿಎನ್‌ಎಯೊಳಗೇ ಹೊಲಿದುಕೊಂಡು ಕೂರುತ್ತದೆ. ನಾನು ಹೇಳಲು ಹೊರಟಿರುವ ಕಥೆ ಅಲ್ಲಿಂದ ಆಚೆಗಿನದು. ವೈರಸ್ ಒಳಗೆ ಬಂದು ಕೂತಿದೆ, ಇನ್ನು ಮರಿಗಳು ಹೊರಗೆ ಹೋಗಬೇಕು.

ಮರಿಗಳು ಕೋಶ ಒಡೆದುಕೊಂಡೇ ಹೊರಬರುತ್ತವೆ ಅಲ್ವಾ?

ನಾನು ಓದುವಾಗ ನನಗೂ ಹಾಗೇ ಹೇಳಿಕೊಟ್ಟಿದ್ದರು. ನೋಟ್ಸಿನಲ್ಲಿ ಎಲ್ಲ ವೈರಸ್‌ಗೂ ಒಂದೇ ಚಿತ್ರ. ಕೋಶ ಬಲೂನಿನ ಹಾಗೆ ಉಬ್ಬಿ ಪಟ್ ಅಂತ ಒಡೆಯುವುದು. ಅದು ಬ್ಯಾಕ್ಟೀರಿಯಾ ತಿನ್ನುವ ವೈರಸ್‌ಗಳ ಚಿತ್ರ. ರೆಟ್ರೋವೈರಸ್‌ಗೆ ಅದನ್ನು ಬರೆದು ಅಂಕವೂ ಪಡೆದಿದ್ದೆ. ತಪ್ಪು ಅಂತ ಗೊತ್ತಾಗಲು ವರ್ಷಗಳೇ ಬೇಕಾದವು.

ರೆಟ್ರೋವೈರಸ್ ಮೊಗ್ಗಿನ ಹಾಗೆ ಹೊರಬರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಯೀಸ್ಟ್ ಮತ್ತು ಹೈಡ್ರಾ ಬಗ್ಗೆ ಮೊಗ್ಗುವಿಕೆ ಅಂತ ಓದಿದ್ದೀರಲ್ಲ, ಮೇಲ್ನೋಟಕ್ಕೆ ಹಾಗೇ. ಕೋಶದ ಪೊರೆಯಲ್ಲಿ ಒಂದು ಕಡೆ ಸಣ್ಣ ಉಬ್ಬು ಏಳುತ್ತದೆ. ಅದು ದುಂಡಗಾಗುತ್ತದೆ. ಕೊನೆಗೆ ಕತ್ತು ಕಿರಿದಾಗಿ ಕಡಿದು ಬೀಳುತ್ತದೆ. ಪೊರೆಗೆ ತೂತು ಬೀಳುವುದಿಲ್ಲ. ಹಾಗಾಗಿ ಕೋಶ ಆ ಕ್ಷಣಕ್ಕೆ ಸಾಯುವುದಿಲ್ಲ, ಒಂದರ ಹಿಂದೆ ಒಂದು ಹೊರಗೆ ಬಿಡುತ್ತಲೇ ಇರುತ್ತದೆ. ಎಚ್‌ಐವಿ ಹಿಡಿದ ಸಿಡಿ4 ಕೋಶಗಳು, ಅಂದರೆ ರೋಗ ತಡೆಯುವ ಒಂದು ಬಗೆಯ ಬಿಳಿ ರಕ್ತಕಣಗಳು, ಒಂದೆರಡು ದಿನಗಳಲ್ಲಿ ಸಾಯುತ್ತವೆ ನಿಜ, ಆದರೆ ಅದಕ್ಕೆ ಕಾರಣಗಳು ಬೇರೆ.

ಹೊರಬರುವಾಗ ವೈರಸ್ ಸುತ್ತಿಕೊಳ್ಳುವ ಹೊದಿಕೆ ನಮ್ಮ ಕೋಶದ ಪೊರೆಯದ್ದೇ ತುಂಡು. ಅದು ಕೊಬ್ಬಿನ ಪೊರೆ, ಅದಕ್ಕೇ ಸೋಪು ತಾಗಿದರೆ ಹರಿದುಹೋಗುತ್ತದೆ. ಪೊರೆ ನಮ್ಮದು, ಪ್ರೊಟೀನ್ ಮಾಡುವ ಯಂತ್ರ ನಮ್ಮದು, ಕೊನೆಗೆ ಕತ್ತು ಕಡಿಯುವವರೂ ನಮ್ಮವರೇ. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ವೈರಸ್ಸಿನ ಸ್ವಂತದ್ದು ಏನೇನು ಅಂತ ಲೆಕ್ಕ ಹಾಕುತ್ತಾ ಹೋಗೋಣ.

ಹಾಗಾದರೆ ಅದರ ಸ್ವಂತ ಸಾಮಾನು ಏನು?

ಮುಖ್ಯವಾಗಿ ನಾಲ್ಕು. ಗ್ಯಾಗ್ ಅನ್ನುವ ಉದ್ದನೆಯ ಪ್ರೊಟೀನ್ ಪಟ್ಟಿ. ಅದಕ್ಕಿಂತ ಉದ್ದನೆಯ ಗ್ಯಾಗ್-ಪೋಲ್ ಪಟ್ಟಿ. ಮೇಲಿನ ಮುಳ್ಳುಗಳಿಗೆ ಎನ್ವ್. ಆಮೇಲೆ ಆರ್‌ಎನ್‌ಎ, ಅದೇ ವೈರಸ್ಸಿನ ಕೈಬರಹದ ಪ್ರತಿ. ಎಚ್‌ಐವಿಯಲ್ಲಿ ಇನ್ನೂ ಕೆಲವು ಚಿಲ್ಲರೆ ಪ್ರೊಟೀನ್‌ಗಳಿವೆ, ಒಂದೆರಡು ಮುಂದೆ ಬರುತ್ತವೆ.

ಇವುಗಳಲ್ಲಿ ಯಜಮಾನ ಗ್ಯಾಗ್. ಬೇರೆ ಯಾವುದೂ ಇಲ್ಲದೆ ಬರೀ ಗ್ಯಾಗ್ ಒಂದನ್ನೇ ಕೋಶದಲ್ಲಿ ತಯಾರಿಸಿದರೂ ವೈರಸ್ ಆಕಾರದ ಗುಳ್ಳೆಗಳು ಹೊರಬರುತ್ತವೆ. ಒಳಗೆ ಸರಕಿಲ್ಲ, ಮೇಲೆ ಮುಳ್ಳಿಲ್ಲ, ಸೋಂಕು ಹರಡುವುದಿಲ್ಲ. ಆದರೂ ಗುಳ್ಳೆ ಬರುತ್ತದೆ. ಅಂದರೆ ಕಟ್ಟುವ ವಿದ್ಯೆ ಪೂರ್ತಿ ಆ ಒಂದು ಪಟ್ಟಿಯಲ್ಲೇ ಇದೆ.

ಬೇರೆ ಬೇರೆ ಪ್ರೊಟೀನ್ ಮಾಡುವ ಬದಲು ಒಂದೇ ಉದ್ದ ಪಟ್ಟಿ ಯಾಕೆ?

ಈ ಪ್ರಶ್ನೆಗೆ ನಾನು ಪುಸ್ತಕ ಮುಚ್ಚಿ ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಹೋಗುತ್ತೇನೆ. ಬಳ್ಳಾರಿಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಕೌಲ್ ಬಜಾರ್ ಕಡೆ ಹೋದರೆ ನೋಡಬಹುದು. ಹೊಲಿಯುವವರು ಒಂದು ಜೇಬಿನ ತುಂಡು ಮುಗಿಯಿತೆಂದು ಮೆಷಿನ್ ನಿಲ್ಲಿಸಿ ದಾರ ಕತ್ತರಿಸುತ್ತಾ ಕೂರುವುದಿಲ್ಲ. ಅದರ ಹಿಂದೆಯೇ ಇನ್ನೊಂದು ತುಂಡು ಕೊಡುತ್ತಾರೆ, ಮತ್ತೊಂದು, ಮಗದೊಂದು. ಮೆಷಿನ್ ಹಿಂದೆ ತೋರಣದ ಹಾಗೆ ತುಂಡುಗಳು ದಾರದಲ್ಲಿ ಜೋತುಬಿದ್ದಿರುತ್ತವೆ. ನನ್ನ ಒಬ್ಬ ವಿದ್ಯಾರ್ಥಿನಿಯ ತಾಯಿ ಮನೆಯ ಪಡಸಾಲೆಯಲ್ಲಿ ಕೂತು ಆ ದಾರ ಕತ್ತರಿಸುವ ಕೆಲಸ ಮಾಡುತ್ತಾರೆ. ಬೆರಳುಗಳ ಸಂದಿಯಲ್ಲಿ ಚಿಮಟದಂಥ ಪುಟ್ಟ ಕತ್ತರಿ. ಒಂದು ತುಂಡು ಎಳೆಯುವುದು, ಚಕ್ ಅನ್ನಿಸುವುದು, ಬುಟ್ಟಿಗೆ ಹಾಕುವುದು. ನಾನು ಹೋದಾಗ ನನ್ನ ಜೊತೆ ಮಾತಾಡುತ್ತಲೇ ಇದ್ದರು, ಕೈ ಒಮ್ಮೆಯೂ ನಿಲ್ಲಲಿಲ್ಲ.

ಗ್ಯಾಗ್ ಅಂಥ ತೋರಣ. ಎಚ್‌ಐವಿಯಲ್ಲಿ ಅದಕ್ಕೆ ಆರು ತುಂಡುಗಳಿವೆ: ಮ್ಯಾಟ್ರಿಕ್ಸ್, ಕ್ಯಾಪ್ಸಿಡ್, ಒಂದು ಸಣ್ಣ ಸಂದುಪಟ್ಟಿ, ನ್ಯೂಕ್ಲಿಯೋಕ್ಯಾಪ್ಸಿಡ್, ಇನ್ನೊಂದು ಸಂದುಪಟ್ಟಿ, ಕೊನೆಗೆ ಪಿ6. ಹೀಗೆ ಜೋಡಿಸಿಟ್ಟರೆ ಒಂದು ಲಾಭ ಇದೆ. ಮ್ಯಾಟ್ರಿಕ್ಸ್ ಪೊರೆಗೆ ಅಂಟಿತು ಅಂದರೆ ಉಳಿದ ಐದೂ ತಾವಾಗಿ ಅಲ್ಲಿಗೆ ಬಂದ ಹಾಗೆ. ಪ್ರತಿಯೊಂದಕ್ಕೂ ಬೇರೆ ವಿಳಾಸ ಬರೆಯಬೇಕಾಗಿಲ್ಲ. ಲೆಕ್ಕವೂ ತಪ್ಪುವುದಿಲ್ಲ, ಎಲ್ಲ ತುಂಡುಗಳೂ ಸಮ ಸಮ. ಕತ್ತರಿಸುವುದು ಆಮೇಲೆ.

ಗ್ಯಾಗ್-ಪೋಲ್ ಅಂದಿರಲ್ಲ, ಅದು ಬೇರೆ ಪಟ್ಟಿನಾ?

ಆರ್‌ಎನ್‌ಎ ಅದೇ. ಓದುವಾಗ ಆಗುವ ಒಂದು ಜಾರಾಟ ಅದು.

ಪ್ರೊಟೀನ್ ಮಾಡುವ ಯಂತ್ರ ರೈಬೋಸೋಮ್. ಅದು ಆರ್‌ಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದುತ್ತಾ ಹೋಗುತ್ತದೆ. ಗ್ಯಾಗ್ ಮುಗಿಯುವ ಹತ್ತಿರ ಯು ಅಕ್ಷರ ಆರು ಸಲ ಸಾಲಾಗಿ ಬರುತ್ತದೆ, ಆಮೇಲೆ ಒಂದು ಎ. ಅಲ್ಲಿ ನೆಲ ಜಾರು. ಅದರ ಮುಂದೆ ಆರ್‌ಎನ್‌ಎ ಗಂಟು ಹಾಕಿಕೊಂಡು ರೈಬೋಸೋಮನ್ನು ತಡೆಯುತ್ತದೆ. ಸುಮಾರು ಇಪ್ಪತ್ತಕ್ಕೆ ಒಂದು ಸಲ ಅದು ಒಂದು ಅಕ್ಷರ ಹಿಂದಕ್ಕೆ ಜಾರುತ್ತದೆ. ಜಾರದಿದ್ದರೆ ನಿಲ್ಲು ಅನ್ನುವ ಸೂಚನೆ ಸಿಕ್ಕಿ ಗ್ಯಾಗ್ ಮುಗಿಯುತ್ತದೆ. ಜಾರಿದರೆ ಆ ಸೂಚನೆ ಕಣ್ಣಿಗೇ ಬೀಳುವುದಿಲ್ಲ, ಮುಂದೆ ಓದುತ್ತಾ ಹೋಗಿ ಪೋಲ್ ಭಾಗವೂ ಸೇರಿಕೊಳ್ಳುತ್ತದೆ. ಡಿಎನ್‌ಎ ಬರೆಯುವ ಕಿಣ್ವ, ಅದನ್ನು ನಮ್ಮ ಡಿಎನ್‌ಎಗೆ ಹೊಲಿಯುವ ಕಿಣ್ವ, ಮತ್ತು ಪಟ್ಟಿಗಳನ್ನು ತುಂಡು ಮಾಡುವ ಕತ್ತರಿ, ಮೂರೂ ಪೋಲ್‌ನಲ್ಲಿವೆ. ಇಟ್ಟಿಗೆ ಇಪ್ಪತ್ತು ಬೇಕು, ಉಪಕರಣ ಒಂದು ಸಾಕು. ಆ ಲೆಕ್ಕವನ್ನು ಒಂದು ಜಾರುವ ಜಾಗದಲ್ಲಿ ಮುಗಿಸಿಬಿಟ್ಟಿದೆ. ನನಗಂತೂ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಪೊರೆ ಎಲ್ಲಿದೆ ಅಂತ ಗ್ಯಾಗ್‌ಗೆ ಹೇಗೆ ಗೊತ್ತಾಗುತ್ತದೆ?

ಗ್ಯಾಗ್‌ನ ತಲೆಗೆ ಒಂದು ಕೊಬ್ಬಿನ ಬಾಲ ಅಂಟಿರುತ್ತದೆ. ಅದು ಮಿರಿಸ್ಟಿಕ್ ಆಮ್ಲ, 14 ಕಾರ್ಬನ್‌ಗಳದ್ದು. ಹೆಸರು ಬಂದದ್ದು ಜಾಜಿಕಾಯಿ ಗಿಡದಿಂದ, ಕೊಬ್ಬರಿ ಎಣ್ಣೆಯಲ್ಲೂ ಇದೆ. ಅದನ್ನು ಅಂಟಿಸುವ ಕಿಣ್ವವೂ ನಮ್ಮ ಕೋಶದ್ದೇ. ಕೊಬ್ಬು ಕೊಬ್ಬಿಗೆ ಸೇರುತ್ತದೆ, ಹಾಗಾಗಿ ಬಾಲ ಪೊರೆಯೊಳಗೆ ಚುಚ್ಚಿಕೊಳ್ಳುತ್ತದೆ.

ಆದರೆ ಕೋಶದಲ್ಲಿ ಪೊರೆಗಳು ಬೇಕಾದಷ್ಟಿವೆ. ಹೊರಗಿನ ಪೊರೆಯನ್ನೇ ಗುರುತು ಹಿಡಿಯಬೇಕಲ್ಲ? ಅಲ್ಲಿ ಪಿಪ್2 ಅಂತ ಕರೆಯುವ ಒಂದು ಕೊಬ್ಬು ಜಾಸ್ತಿ ಇರುತ್ತದೆ. ಅದಕ್ಕೆ ಋಣ ಆವೇಶ. ಗ್ಯಾಗ್‌ನ ಮ್ಯಾಟ್ರಿಕ್ಸ್ ಭಾಗದಲ್ಲಿ ಧನ ಆವೇಶದ ತಾಣ ಇದೆ. ಎರಡೂ ಹಿಡಿದುಕೊಳ್ಳುತ್ತವೆ.

ಕೋಶದೊಳಗೆ ಅಷ್ಟೊಂದು ಆರ್‌ಎನ್‌ಎ ಇರುವಾಗ ತನ್ನದನ್ನೇ ಹೇಗೆ ಆರಿಸುತ್ತದೆ?

ವೈರಸ್ಸಿನ ಆರ್‌ಎನ್‌ಎ ಮೊದಲ ತುದಿಯಲ್ಲಿ ಸೈ ಅನ್ನುವ ಮಡಿಕೆ ಇದೆ. ಗ್ಯಾಗ್‌ನ ನ್ಯೂಕ್ಲಿಯೋಕ್ಯಾಪ್ಸಿಡ್ ತುಂಡಿನಲ್ಲಿ ಸತುವನ್ನು ಹಿಡಿದ ಎರಡು ಗೆಣ್ಣುಗಳಿವೆ. ಅವು ಆ ಮಡಿಕೆಯನ್ನು ತಡವಿ ಗುರುತಿಸುತ್ತವೆ. ರಾಯಚೂರಿನ ಮಾರುಕಟ್ಟೆಯಲ್ಲಿ ಹತ್ತಿ ಚೀಲಗಳ ಮೇಲೆ ದಲ್ಲಾಳಿಯ ಗುರುತು ಹಾಕಿರುತ್ತಾರಲ್ಲ, ಹಾಗೆ.

ಒಂದಲ್ಲ, ಎರಡು ಪ್ರತಿ ಹಾಕಿಕೊಳ್ಳುತ್ತದೆ. ಎರಡು ಆರ್‌ಎನ್‌ಎಗಳು ಮೊದಲೇ ಜೋಡಿಯಾಗಿ ಬರುತ್ತವೆ. ಒಂದು ಕಡೆ ಹರಿದಿದ್ದರೆ ಇನ್ನೊಂದರಿಂದ ಓದಿಕೊಳ್ಳಬಹುದು. ಎರಡು ಬೇರೆ ಬೇರೆ ತಳಿಯವಾದರೆ ಮುಂದಿನ ಕೋಶದಲ್ಲಿ ಕಲಬೆರಕೆ ಸಂತಾನ ಹುಟ್ಟುತ್ತದೆ. ಔಷಧಿಗೆ ಬಗ್ಗದ ತಳಿಗಳು ಬೇಗ ಬರಲು ಇದೂ ಒಂದು ಕಾರಣ.

ಚಿತ್ರಗಳಲ್ಲಿ ಮೈತುಂಬಾ ಮುಳ್ಳು ಇರುತ್ತವಲ್ಲ?

ಚಿತ್ರ ಬರೆಯುವವರ ಉತ್ಸಾಹ ಅದು. ಎಚ್‌ಐವಿಯ ಮೇಲೆ ಲೆಕ್ಕ ಹಾಕಿದರೆ ಸುಮಾರು 14 ಮುಳ್ಳು, ಕೆಲವಕ್ಕೆ ಅದಕ್ಕೂ ಕಡಿಮೆ. ನಮ್ಮ ಪಠ್ಯದ ಚಿತ್ರದಲ್ಲಿ ಅದು ಬೇಸಿಗೆಯ ಜಾಲಿಗಿಡದ ಹಾಗೆ ಕಾಣುತ್ತದೆ. ಮುಳ್ಳುಗಳು ಗ್ಯಾಗ್ ಬಂದ ದಾರಿಯಲ್ಲಿ ಬರುವುದಿಲ್ಲ. ಕೋಶದ ಗಾಲ್ಗಿ ಭಾಗದಲ್ಲಿ ಫ್ಯೂರಿನ್ ಅನ್ನುವ ನಮ್ಮದೇ ಕಿಣ್ವ ಅವನ್ನು ಎರಡಾಗಿ ಸೀಳಿ, ಆಮೇಲೆ ಪೊರೆಗೆ ಕಳಿಸುತ್ತದೆ.

ಮೊಗ್ಗು ಕೋಶದಿಂದ ಕಡಿದು ಬೀಳುವುದು ಹೇಗೆ?

ಇಲ್ಲಿಗೆ ಬರಲೆಂದೇ ಇಷ್ಟು ಹೇಳಿದೆ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಕ್ಕಳು ಸೋಪಿನ ಗುಳ್ಳೆ ಊದುವುದನ್ನು ನೋಡಿ. ತಂತಿಯ ಬಳೆಯಲ್ಲಿ ಸೋಪಿನ ಪೊರೆ. ಊದಿದರೆ ಅದು ಚೀಲದ ಹಾಗೆ ಉಬ್ಬುತ್ತದೆ. ಆದರೆ ಉಬ್ಬಿದ ಮಾತ್ರಕ್ಕೆ ಗುಳ್ಳೆ ಆಗುವುದಿಲ್ಲ. ಬಾಯಿ ಮುಚ್ಚಬೇಕು. ಊದುವುದನ್ನು ಹದ ತಪ್ಪಿ ನಿಲ್ಲಿಸಿದರೆ ಅದು ವಾಪಸ್ ಬಳೆಗೇ ಅಂಟಿಕೊಳ್ಳುತ್ತದೆ. ಗ್ಯಾಗ್‌ಗಳು ಒಂದರ ಪಕ್ಕ ಒಂದು ಸೇರಿ ಪೊರೆಯನ್ನು ಉಬ್ಬಿಸುವವರೆಗೆ ಸರಿ, ಒಂದು ವೈರಸ್‌ಗೆ ಸುಮಾರು 2,400 ಗ್ಯಾಗ್. ಬಾಯಿ ಮುಚ್ಚುವುದು ಮಾತ್ರ ಅವುಗಳ ಕೈಲಿ ಆಗುವುದಿಲ್ಲ.

ಇನ್ನೊಂದು ತೊಡಕು ಇದೆ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಅಕ್ಕಿ ಚೀಲದ ಬಾಯಿ ಹೇಗೆ ಕಟ್ಟುತ್ತಾರೆ? ಕತ್ತಿನ ಹೊರಗೆ ಹಗ್ಗ ಸುತ್ತಿ ಬಿಗಿಯುತ್ತಾರೆ. ಕೋಶ ಹೊರಗಿನಿಂದ ಏನಾದರೂ ಒಳಗೆ ನುಂಗುವಾಗ ಹೀಗೇ ಮಾಡುತ್ತದೆ, ಗುಳ್ಳೆಯ ಕತ್ತಿನ ಸುತ್ತ ಪ್ರೊಟೀನ್ ಹಗ್ಗ ಸುತ್ತುತ್ತದೆ. ಆದರೆ ವೈರಸ್ ಹೊರಮುಖವಾಗಿ ಉಬ್ಬುತ್ತಿದೆ. ಕತ್ತಿನ ಹೊರಗಡೆ ಅಂದರೆ ಕೋಶದಿಂದಲೇ ಹೊರಗಡೆ. ಅಲ್ಲಿ ಹಗ್ಗ ಸುತ್ತಲು ಯಾರೂ ಇಲ್ಲ. ಹಾಗಾಗಿ ಕತ್ತಿನ ಒಳಗೆ ನಿಂತು, ಒಳಗಿನಿಂದಲೇ ಗೋಡೆಗಳನ್ನು ಹತ್ತಿರ ಎಳೆದು ಮುಚ್ಚಬೇಕು. ಚೀಲದ ಬಾಯೊಳಗೆ ಕೈ ಹಾಕಿ, ಒಳಗಿನಿಂದ ಬಾಯಿ ಹೊಲಿದು, ಕೊನೆಗೆ ಕೈಯನ್ನೂ ಆಚೆ ತೆಗೆದುಕೊಂಡ ಹಾಗೆ.

ಈ ವಿಚಿತ್ರ ಕೆಲಸ ಮಾಡುವ ತಂಡ ಕೋಶದಲ್ಲಿ ಮೊದಲೇ ಇದೆ. ಹೆಸರು ಎಸ್ಕ್ರ್ಟ್. ಅದನ್ನು ಪತ್ತೆ ಮಾಡಿದ್ದು ವೈರಸ್ ಓದುವವರಲ್ಲ. ಸ್ಕಾಟ್ ಎಮರ್ ತಂಡ ಬೇಕರಿ ಯೀಸ್ಟ್‌ನಲ್ಲಿ ಕಸ ಸಾಗಿಸುವ ದಾರಿ ಹುಡುಕುತ್ತಿತ್ತು. 2001ರಲ್ಲಿ ಈ ಹೆಸರು ಬಂತು. ಅದೇ ವರ್ಷ ಬೇರೆ ತಂಡಗಳು ಎಚ್‌ಐವಿಯ ಪಿ6 ತುಂಡು ಟಿಎಸ್‌ಜಿ101 ಅನ್ನುವ ಪ್ರೊಟೀನನ್ನು ಹಿಡಿಯುತ್ತದೆ ಅಂತ ತೋರಿಸಿದವು. ಟಿಎಸ್‌ಜಿ101 ಇದೇ ಎಸ್ಕ್ರ್ಟ್ ತಂಡದ್ದು. ಬೇಡವಾದ ಪ್ರೊಟೀನ್‌ಗಳನ್ನು ಗುಳ್ಳೆ ಕಟ್ಟಿ ಕಸಕ್ಕೆ ಕಳಿಸುವುದು ಅದರ ದಿನದ ಕೆಲಸ. ಕೋಶ ಎರಡಾಗುವಾಗ ಕೊನೆಯ ಎಳೆ ಕಡಿಯುವುದೂ ಇದೇ ತಂಡ. ಅಂದರೆ ಈ ತಂಡ ಇಲ್ಲದೆ ನಮಗೂ ಗತಿ ಇಲ್ಲ.

ಪಿ6 ಅದನ್ನು ಕರೆಯುವುದು ನಾಲ್ಕೇ ಅಮೈನೋ ಆಮ್ಲಗಳ ಒಂದು ಪದದಿಂದ: ಪ್ರೋಲಿನ್, ಥ್ರಿಯೋನಿನ್, ಅಲನಿನ್, ಪ್ರೋಲಿನ್. ಆ ಪದ ಹೇಳಿದರೆ ಟಿಎಸ್‌ಜಿ101 ಬರುತ್ತದೆ. ಅದರ ಹಿಂದೆ ಎಳೆಯ ಹಾಗೆ ಸುತ್ತಿಕೊಳ್ಳುವ ಪ್ರೊಟೀನ್‌ಗಳು ಬಂದು ಕತ್ತಿನೊಳಗೆ ಸುರುಳಿ ಕಟ್ಟುತ್ತವೆ. ಕೊನೆಗೆ ವಿಪಿಎಸ್4 ಅನ್ನುವ ಯಂತ್ರ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಆ ಸುರುಳಿಯನ್ನು ಬಿಚ್ಚಿ ಎಳೆಯುತ್ತದೆ. ಕತ್ತು ಕಡಿಯಿತು.

ಆ ನಾಲ್ಕಕ್ಷರದ ಪದವನ್ನು ಪ್ರಯೋಗದಲ್ಲಿ ಕೆಡಿಸಿದರೆ ಏನಾಗುತ್ತದೆ ಗೊತ್ತಾ? ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳಲ್ಲಿ ಕಾಣುತ್ತದೆ. ವೈರಸ್‌ಗಳು ದುಂಡಗಾಗಿವೆ, ಆದರೆ ಹೋಗಿಲ್ಲ. ಕಡ್ಡಿಗೆ ಸಿಕ್ಕಿಸಿದ ಲಾಲಿಪಾಪ್ ಹಾಗೆ ಪೊರೆಯ ಮೇಲೆ ಸಾಲಾಗಿ ನಿಂತಿವೆ. ಬಾಗಿಲು ದಾಟಿ, ಹೊಸ್ತಿಲಿಗೆ ಸೆರಗು ಸಿಕ್ಕಿಕೊಂಡವರ ಹಾಗೆ.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕು?

ಗ್ಯಾಗ್‌ಗೆ ಹೊಳೆಯುವ ಬಣ್ಣ ಕೊಟ್ಟು ಜೀವಂತ ಕೋಶದಲ್ಲೇ ನೋಡಿದ್ದಾರೆ. 2008ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ಕೆಲಸ. ಒಂದು ಚುಕ್ಕಿ ಹುಟ್ಟಿ ಬೆಳೆದು ಪೂರ್ತಿಯಾಗಲು ಕೆಲವೇ ನಿಮಿಷ. ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ತಿಂದು ಮುಗಿಸುವಷ್ಟು ಹೊತ್ತು.

ಗಾತ್ರ ಸುಮಾರು 120 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದಲ್ಲಿ 8,000ಕ್ಕೂ ಹೆಚ್ಚು ವೈರಸ್‌ಗಳನ್ನು ಸಾಲಾಗಿ ಕೂರಿಸಬಹುದು. ಚಿಕಿತ್ಸೆ ಇಲ್ಲದ ಒಬ್ಬ ರೋಗಿಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಹುಟ್ಟುತ್ತವೆ ಅಂತ 1996ರಲ್ಲಿ ಅಲನ್ ಪೆರೆಲ್ಸನ್ ಮತ್ತು ಡೇವಿಡ್ ಹೋ ತಂಡ ಲೆಕ್ಕ ಹಾಕಿತು.

ಕೋಶ ಸುಮ್ನೆ ನೋಡುತ್ತಾ ಕೂರುತ್ತದಾ?

ಇಲ್ಲ. ಟೆಥೆರಿನ್ ಅಂತ ಒಂದು ಪ್ರೊಟೀನ್ ಇದೆ. ಅದರ ಎರಡೂ ತುದಿ ಪೊರೆಗೆ ನೆಟ್ಟಿರುತ್ತವೆ. ಮೊಗ್ಗು ಏಳುವಾಗ ಒಂದು ತುದಿ ಕೋಶದಲ್ಲಿ, ಇನ್ನೊಂದು ತುದಿ ವೈರಸ್ಸಿನ ಹೊದಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತು ಕಡಿದರೂ ವೈರಸ್ ಹೋಗಲಾರದು. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಲ್ಲೇ ಓಡಾಡುತ್ತದೆ. ಇದು ಗೊತ್ತಾದದ್ದು 2008ರಲ್ಲಿ. ಎಚ್‌ಐವಿ ಅದಕ್ಕೂ ಉಪಾಯ ಮಾಡಿದೆ. ಮೇಲೆ ಚಿಲ್ಲರೆ ಪ್ರೊಟೀನ್ ಅಂದೆನಲ್ಲ, ಅವುಗಳಲ್ಲಿ ವಿಪಿಯು ಎಂಬುದು ಟೆಥೆರಿನ್ ಅನ್ನು ಪೊರೆಯಿಂದ ಇಳಿಸಿ ಕಸಕ್ಕೆ ಕಳಿಸುತ್ತದೆ. ಚಿಲ್ಲರೆ ಅಂದಿದ್ದಕ್ಕೆ ನಾನೇ ನಾಚಿಕೊಳ್ಳಬೇಕು.

ಹೊರಬಿದ್ದ ವೈರಸ್ ತಕ್ಷಣ ಬೇರೆ ಕೋಶಕ್ಕೆ ಸೋಂಕು ಹಚ್ಚುತ್ತದಾ?

ಹಚ್ಚಲಾರದು, ಇನ್ನೂ ಹಸಿ ಇದೆ. ಒಳಗೆ ಗ್ಯಾಗ್ ಪಟ್ಟಿಗಳು ಕತ್ತರಿಸದೆ ಹಾಗೇ ಇವೆ. ತಲೆ ಪೊರೆಗೆ, ಬಾಲ ನಡುವಿಗೆ, ಕದಂಬದ ಹೂವಿನ ಹಾಗೆ. ತೋರಣ ಬುಟ್ಟಿಗೆ ಬಂದಿದೆ, ದಾರ ಕತ್ತರಿಸುವವರು ಇನ್ನೂ ಕೂತಿಲ್ಲ.

ಕತ್ತರಿ ಅಂದರೆ ಪ್ರೋಟಿಯೇಸ್. ಅದು ಗ್ಯಾಗ್-ಪೋಲ್ ಪಟ್ಟಿಯ ಒಳಗೇ ಇದೆ ಅಂದೆ. ಒಂದು ಪಟ್ಟಿಯಲ್ಲಿ ಕತ್ತರಿಯ ಒಂದೇ ಅಲಗು. ಎರಡು ಅಲಗು ಸೇರಿದರೆ ಮಾತ್ರ ಕತ್ತರಿ ಆಗುತ್ತದೆ. ಕೋಶದೊಳಗೆ ಪಟ್ಟಿಗಳು ಚದುರಿರುವಾಗ ಅಲಗುಗಳು ದೂರ ದೂರ. ಮೊಗ್ಗಿನೊಳಗೆ ಕಿಕ್ಕಿರಿದಾಗ ಜೋಡಿ ಸಿಗುತ್ತದೆ. ಜಾಣತನ ಇಲ್ಲಿದೆ ನೋಡಿ. ಕತ್ತರಿ ಬೇಗ ಸೇರಿಬಿಟ್ಟರೆ ಪಟ್ಟಿಗಳು ಪೊರೆ ತಲುಪುವ ಮೊದಲೇ ಚೂರಾಗಿ ಕೆಲಸ ಕೆಡುತ್ತದೆ. ಸೇರದೇ ಹೋದರೆ ವೈರಸ್ ಹಸಿಯಾಗೇ ಉಳಿಯುತ್ತದೆ.

ಐದು ಕಡೆ ಕತ್ತರಿಸಿದ ಮೇಲೆ ಒಳಗಿನ ಮನೆಯೇ ಬದಲಾಗುತ್ತದೆ. ಮ್ಯಾಟ್ರಿಕ್ಸ್ ಪೊರೆಯಲ್ಲೇ ಉಳಿಯುತ್ತದೆ. ನ್ಯೂಕ್ಲಿಯೋಕ್ಯಾಪ್ಸಿಡ್ ಆರ್‌ಎನ್‌ಎಗೆ ಅಂಟಿ ಅದನ್ನು ಉಂಡೆ ಮಾಡುತ್ತದೆ. ಬಿಡುಗಡೆಯಾದ ಕ್ಯಾಪ್ಸಿಡ್‌ಗಳಲ್ಲಿ ಸುಮಾರು 1,500 ಸೇರಿ ಆ ಉಂಡೆಯ ಸುತ್ತ ಶಂಕುವಿನ ಆಕಾರದ ಡಬ್ಬಿ ಕಟ್ಟುತ್ತವೆ. ಡಬ್ಬಿಯ ಗೋಡೆಯಲ್ಲಿ ಸುಮಾರು 250 ಷಡ್ಭುಜಗಳು, ಪಂಚಭುಜಗಳು ಸರಿಯಾಗಿ 12. ಫುಟ್‌ಬಾಲ್ ಮೇಲಿನ ಕಪ್ಪು ತುಂಡುಗಳನ್ನು ಎಣಿಸಿ ನೋಡಿ, ಅಲ್ಲೂ 12. ಬರೀ ಷಡ್ಭುಜ ಜೋಡಿಸಿದರೆ ನೆಲ ಹಾಸಬಹುದು, ಮುಚ್ಚಿದ ಡಬ್ಬಿ ಆಗದು. ಒಬ್ಬ ಹುಡುಗ ಇದನ್ನು ನಂಬದೆ ಮೈದಾನಕ್ಕೆ ಓಡಿ ಚೆಂಡು ತಂದು ಎಣಿಸಿದ. ಒಂದು ತುಂಡು ಹರಿದು ಹೋಗಿತ್ತು. ಹನ್ನೊಂದೇ ಅಂತ ಗೆದ್ದ.

ನಮ್ಮ ಎಆರ್‌ಟಿ ಮಾತ್ರೆ ಈ ಕತ್ತರಿಯನ್ನು ಹಿಡಿಯುತ್ತದಾ?

ಎಆರ್‌ಟಿ ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ ಚಿಕಿತ್ಸೆ. ಅದರ ಎಲ್ಲ ಮಾತ್ರೆಗಳೂ ಕತ್ತರಿ ಹಿಡಿಯುವುದಿಲ್ಲ. ಭಾರತದಲ್ಲಿ ಸರಕಾರ ಉಚಿತ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಈಗ ಹೆಚ್ಚಿನವರಿಗೆ ಮೊದಲು ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಅದು ವೈರಸ್ ಒಳಬರುವಾಗಿನ ಕೆಲಸ ತಡೆಯುತ್ತದೆ, ಡಿಎನ್‌ಎ ಬರೆಯುವುದು ಮತ್ತು ಹೊಲಿಯುವುದು. ಈಗಾಗಲೇ ಹೊಲಿದು ಕೂತ ಕೋಶದಿಂದ ಮೊಗ್ಗು ಬರುವುದನ್ನು ತಡೆಯುವುದಿಲ್ಲ. ಆದರೆ ಹೊರಬಂದದ್ದು ಹೊಸ ಕೋಶದಲ್ಲಿ ನೆಲೆಯೂರಲಾರದು. ಹಳೆಯ ಸೋಂಕಿನ ಕೋಶಗಳು ಸಾಯುತ್ತಾ ಹೋದಂತೆ ರಕ್ತದಲ್ಲಿ ವೈರಸ್ ಕುಸಿಯುತ್ತದೆ. ಕೆಲವು ಕೋಶಗಳು ಮಾತ್ರ ವೈರಸ್ಸಿನ ಡಿಎನ್‌ಎ ಇಟ್ಟುಕೊಂಡು ವರ್ಷಗಟ್ಟಲೆ ಮಲಗಿರುತ್ತವೆ. ಮಾತ್ರೆ ನಿಲ್ಲಿಸಬಾರದು ಅನ್ನುವುದು ಅದಕ್ಕೇ.

ಕತ್ತರಿ ಹಿಡಿಯುವ ಔಷಧಿಗಳು ಬೇರೆ. ಮೊದಲನೆಯದು ಸ್ಯಾಕ್ವಿನಾವಿರ್, ಅಮೆರಿಕದಲ್ಲಿ 1995ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅಟಾಜನಾವಿರ್, ಲೋಪಿನಾವಿರ್, ದರುನಾವಿರ್ ಇದೇ ಬಳಗದವು. ಮೊದಲ ಮಾತ್ರೆ ಕೆಲಸ ಮಾಡದವರಿಗೆ ಎಆರ್‌ಟಿ ಕೇಂದ್ರಗಳಲ್ಲಿ ಇವು ಸಿಗುತ್ತವೆ. ಇವು ಎರಡು ಅಲಗಿನ ನಡುವೆ ಕಲ್ಲು ಸಿಕ್ಕಿಸಿದ ಹಾಗೆ ಕೂರುತ್ತವೆ. ವೈರಸ್ ಹೊರಬರುತ್ತಲೇ ಇರುತ್ತದೆ, ಆದರೆ ಬಲಿಯುವುದಿಲ್ಲ.

ಬೆವಿರಿಮ್ಯಾಟ್ ಅಂತ ಇನ್ನೊಂದು ಪ್ರಯತ್ನ ಆಗಿತ್ತು. ಕತ್ತರಿಯನ್ನು ಬಿಟ್ಟು, ಕತ್ತರಿಸುವ ಒಂದು ಜಾಗಕ್ಕೆ ಅಡ್ಡ ಕೂರುವ ಔಷಧಿ. ಎಷ್ಟೋ ಜನರ ವೈರಸ್‌ನಲ್ಲಿ ಆ ಜಾಗವೇ ಸ್ವಲ್ಪ ಬೇರೆ ಇದ್ದುದರಿಂದ ಅದು ಅಲ್ಲಿಗೇ ನಿಂತಿತು. ಈಗ ಸುದ್ದಿಯಲ್ಲಿರುವ ಲೆನಾಕಾಪವಿರ್ ಕ್ಯಾಪ್ಸಿಡ್‌ಗೆ ಅಂಟುತ್ತದೆ. ಡಬ್ಬಿ ಸರಿಯಾಗಿ ಕಟ್ಟದಂತೆಯೂ, ಕಟ್ಟಿದ ಡಬ್ಬಿ ಸರಿಯಾಗಿ ಕೆಲಸ ಮಾಡದಂತೆಯೂ ನೋಡಿಕೊಳ್ಳುತ್ತದೆ. 2022ರಲ್ಲಿ ಚಿಕಿತ್ಸೆಗೆ ಒಪ್ಪಿಗೆ ಬಂತು. ಸೋಂಕು ಬಾರದಂತೆ ತಡೆಯಲು ಅಮೆರಿಕ 2025ರ ಜೂನ್‌ನಲ್ಲಿ ಒಪ್ಪಿತು. ಆರು ತಿಂಗಳಿಗೊಮ್ಮೆ ಚುಚ್ಚುಮದ್ದು.

ಜೋಳದಲ್ಲಿರುವ ಪದಾರ್ಥ ವೈರಸ್‌ಗೆ ಸಹಾಯ ಮಾಡುತ್ತದಂತೆ, ರೊಟ್ಟಿ ಬಿಡಬೇಕಾ?

ಯಾರೋ ಫೋನಿನಲ್ಲಿ ಅರ್ಧ ಓದಿಕೊಂಡು ಬಂದಿದ್ದರು. ಪೂರ್ತಿ ವಿಷಯ ಇದು. ಗ್ಯಾಗ್‌ಗಳು ಆರಾರಾಗಿ ಸೇರುವಾಗ ನಡುವೆ ಒಂದು ಗುಂಡಿ ಉಳಿಯುತ್ತದೆ. ಅದರ ಸುತ್ತ ಧನ ಆವೇಶ. ಅವು ಒಂದನ್ನೊಂದು ತಳ್ಳುತ್ತವೆ. ಅಲ್ಲಿ ಐಪಿ6 ಅನ್ನುವ ಋಣ ಆವೇಶದ ಸಣ್ಣ ಅಣು ಬಂದು ಕೂತರೆ ಎಲ್ಲ ಗಟ್ಟಿಯಾಗುತ್ತದೆ, ತಿರಿಗಾಣಿ ಕಲ್ಲಿನ ಗೂಟದ ಹಾಗೆ. ಇದು 2018ರಲ್ಲಿ ಚೆನ್ನಾಗಿ ಗೊತ್ತಾಯಿತು. ಶಂಕು ಡಬ್ಬಿಗೂ ಅದು ಬೇಕು.

ಐಪಿ6ಗೆ ಇನ್ನೊಂದು ಹೆಸರು ಫೈಟಿಕ್ ಆಮ್ಲ. ಜೋಳ, ಸಜ್ಜೆ, ತೊಗರಿ, ಕಡಲೆ ಎಲ್ಲದರಲ್ಲೂ ಇದೆ. ಆದರೆ ನಮ್ಮ ಕೋಶಗಳು ಐಪಿ6 ಅನ್ನು ತಾವೇ ತಯಾರಿಸಿಕೊಳ್ಳುತ್ತವೆ. ವೈರಸ್ ಅದನ್ನು ಅಲ್ಲಿಂದ ಎತ್ತಿಕೊಳ್ಳುತ್ತದೆ. ರೊಟ್ಟಿ ಬಿಟ್ಟರೆ ಸೊರಗುವುದು ನೀವು. ಪುಂಡಿಪಲ್ಯ ಹಚ್ಚಿಕೊಂಡು ಧೈರ್ಯವಾಗಿ ತಿನ್ನಿ.

ನಮ್ಮ ಕುರಿಗಳಿಗೂ ಇಂಥದ್ದು ಬರುತ್ತದಾ?

ಕುರಿ ಸಾಕುವ ಮನೆಯ ಹುಡುಗ ಕೇಳಿದ. ಬಳ್ಳಾರಿ ಕುರಿ, ಕೆಂಗುರಿ ಇರುವ ಸೀಮೆಯಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ. ಎಚ್‌ಐವಿ ಕುರಿಗೆ ಬರುವುದಿಲ್ಲ. ಕುರಿಯ ರೆಟ್ರೋವೈರಸ್‌ಗಳು ಬೇರೆ, ಅವು ನಮಗೆ ಬರುವುದಿಲ್ಲ.

ಒಂದರ ಹೆಸರು ಜಾಗ್‌ಸೀಕ್ಟೆ. ದಕ್ಷಿಣ ಆಫ್ರಿಕಾದ ಕುರಿಗಾಹಿಗಳ ಮಾತು, ಓಡಿಸಿದ ಕಾಯಿಲೆ ಅಂತ ಅರ್ಥ. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕುರಿ ಏದುಸಿರು ಬಿಡುತ್ತದೆ. ಶ್ವಾಸಕೋಶದಲ್ಲಿ ಗಡ್ಡೆ ಆಗುತ್ತದೆ. ಇದರಲ್ಲಿ ಒಂದು ಚಂದದ ಸಂಗತಿ ಇದೆ. ಕುರಿಯ ಡಿಎನ್‌ಎಯಲ್ಲಿ ಇದೇ ವೈರಸ್ಸಿನ ಹಳೆಯ ಪ್ರತಿಗಳು ತಲೆತಲಾಂತರದಿಂದ ಉಳಿದಿವೆ. ಅವುಗಳಲ್ಲಿ ಒಂದು ಕೆಟ್ಟ ಗ್ಯಾಗ್ ಮಾಡುತ್ತದೆ. ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಈ ಕೆಟ್ಟ ಪಟ್ಟಿಗಳು ಹೊಸ ವೈರಸ್ಸಿನ ಒಳ್ಳೆಯ ಪಟ್ಟಿಗಳ ಜೊತೆ ಸೇರಿಕೊಳ್ಳುತ್ತವೆ. ಇಡೀ ಕಂತೆ ದಾರಿಯಲ್ಲೇ ಸಿಕ್ಕಿಬೀಳುತ್ತದೆ, ಹೊರಗೆ ಬರುವುದಿಲ್ಲ. ಹಳೆಯ ಕಳ್ಳ ಮನೆಯಲ್ಲೇ ಉಳಿದು ಹೊಸ ಕಳ್ಳನ ಕಾಲಿಗೆ ಅಡ್ಡ ಬಂದ ಹಾಗೆ.

ಇನ್ನೊಂದು ಮೇಡಿ-ವಿಸ್ನಾ. 1933ರಲ್ಲಿ ಜರ್ಮನಿಯಿಂದ ತಂದ ಕರಾಕುಲ್ ಕುರಿಗಳ ಜೊತೆ ಐಸ್‌ಲ್ಯಾಂಡಿಗೆ ಬಂತು. ಹೊಸ ಕುರಿ ತಂದಾಗ ಕೆಲವು ವಾರ ಬೇರೆ ಕಟ್ಟುವ ನಮ್ಮ ಹಿರಿಯರ ಪದ್ಧತಿ ಒಳ್ಳೆಯದೇ, ಆದರೆ ಈ ಕಾಯಿಲೆ ವರ್ಷಗಟ್ಟಲೆ ಒಳಗೇ ಇರುವುದರಿಂದ ಅದೂ ಸಾಲದು.

ಸೊಳ್ಳೆ?

ಪ್ರತಿ ಸಲ ಕೇಳುತ್ತಾರೆ. ಹರಡುವುದಿಲ್ಲ. ಎಚ್‌ಐವಿಗೆ ಒಳಹೋಗಲು ಸಿಡಿ4 ಎಂಬ ಬಾಗಿಲು ಬೇಕು, ಸೊಳ್ಳೆಯ ಕೋಶಗಳಲ್ಲಿ ಅದಿಲ್ಲ. ಮೊಗ್ಗು ಏಳುವ ಪ್ರಶ್ನೆಯೇ ಇಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಅದು ಜೀರ್ಣವಾಗಿ ಹೋಗುತ್ತದೆ.

ಎಲ್ಲ ರೆಟ್ರೋವೈರಸ್‌ಗಳೂ ಪೊರೆಯ ಹತ್ತಿರವೇ ಜೋಡಣೆ ಆಗುತ್ತವಾ?

ಇಲ್ಲ. ಮಂಗಗಳ ಒಂದು ವೈರಸ್, ಮೇಸನ್-ಫೈಜರ್ ಅಂತ, ಕೋಶದ ನಡುವೆಯೇ ಉಂಡೆ ಕಟ್ಟಿಕೊಂಡು ಆಮೇಲೆ ಪೊರೆಗೆ ಬರುತ್ತದೆ. 1990ರಲ್ಲಿ ಅದರ ಮ್ಯಾಟ್ರಿಕ್ಸ್‌ನಲ್ಲಿ ಒಂದೇ ಅಮೈನೋ ಆಮ್ಲ ಬದಲಿಸಿದಾಗ ಅದೂ ಎಚ್‌ಐವಿಯ ಹಾಗೆ ಪೊರೆಯಲ್ಲೇ ಜೋಡಿಸತೊಡಗಿತು. ಎರಡು ದಾರಿ ಬೇರೆ ಬೇರೆ ಅಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು.

ನಮ್ಮ ಡಿಎನ್‌ಎಯಲ್ಲೂ ಹಳೆಯ ವೈರಸ್ ಇದೆಯಂತೆ, ನಿಜನಾ?

ನಿಜ. ಸುಮಾರು 8 ಶೇಕಡ ಹಳೆಯ ರೆಟ್ರೋವೈರಸ್‌ಗಳ ಪಳೆಯುಳಿಕೆ. ಹೆಚ್ಚಿನವು ಕೆಟ್ಟುಹೋಗಿವೆ. ಒಂದು ಹಳೆಯ ಮುಳ್ಳನ್ನು ನಮ್ಮ ದೇಹ ಮಾಸು ಕಟ್ಟಲು ಬಳಸಿಕೊಂಡಿದೆ. ಮಿದುಳಿನಲ್ಲಿ ಆರ್ಕ್ ಅಂತ ಒಂದು ಪ್ರೊಟೀನ್ ಇದೆ, ನೆನಪಿಗೆ ಬೇಕಾದದ್ದು. ಅದು ಗ್ಯಾಗ್‌ನ ದೂರದ ನೆಂಟ. 2018ರಲ್ಲಿ ಗೊತ್ತಾದದ್ದು: ಅದೂ ಡಬ್ಬಿ ಕಟ್ಟುತ್ತದೆ, ಒಳಗೆ ಆರ್‌ಎನ್‌ಎ ಹಾಕಿಕೊಳ್ಳುತ್ತದೆ, ಪೊರೆ ಹೊದ್ದು ಒಂದು ನರಕೋಶದಿಂದ ಇನ್ನೊಂದಕ್ಕೆ ಹೋಗುತ್ತದೆ. ಇಷ್ಟು ಹೊತ್ತು ವೈರಸ್ ಸಾಲ ಮಾಡಿದ್ದನ್ನೇ ಎಣಿಸಿದೆವು. ಇಲ್ಲಿ ಸಾಲಗಾರರು ನಾವು.

ಎಚ್‌ಐವಿಯ ರಕ್ತಪರೀಕ್ಷೆಯಲ್ಲಿ ಪಿ24 ಅಂತ ಬರೆದಿರುತ್ತದಲ್ಲ, ಅದೇನು?

ಅದು ಇದೇ ಕ್ಯಾಪ್ಸಿಡ್ ತುಂಡು. ದಾರ ಕತ್ತರಿಸಿದ ಮೇಲೆ ಬಿಡಿಯಾಗಿ ಸಿಗುವ ತುಂಡು ರಕ್ತದಲ್ಲೂ ಕಾಣುತ್ತದೆ. ನಾಲ್ಕನೇ ತಲೆಮಾರಿನ ಪರೀಕ್ಷೆ ದೇಹದ ಪ್ರತಿಕಾಯದ ಜೊತೆಗೆ ಇದನ್ನೂ ಹುಡುಕುತ್ತದೆ, ಹಾಗಾಗಿ ಕೆಲವು ದಿನ ಮೊದಲೇ ಸೋಂಕು ಸಿಗುತ್ತದೆ. ಸರಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿ ಇಡಬೇಕು ಅಂತ 2017ರ ಕಾಯ್ದೆಯೇ ಹೇಳುತ್ತದೆ. ಏನೇ ಅನುಮಾನ ಇದ್ದರೂ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಹತ್ತುವುದಿಲ್ಲ.